ಹಸಿರು ಹೊಲಿಗೆಯ ಟವೆಲು

ಎಂಬತ್ತೇಳನೇ ಇಸವಿಯ ಆ ಬೆಳಗ್ಗೆ ಕುಮಟಾ ಕಡಲಿನ ಮೇಲೆ ಗಾಳಿಯೇ ಇರಲಿಲ್ಲ. ಬ್ಯಾಡಗಿಯಿಂದ ಮೆಣಸಿನಕಾಯಿ ಮಾರಲು ಹೋಗಿದ್ದ ನಾನು ಮೀನುಗಾರರ ಕೇರಿಯ ದೇವಮ್ಮನ ಮನೆಯಲ್ಲಿದ್ದೆ. ಹಿಂದಿನ ಸಂಜೆ ಅವಳ ಮಗ ಹೊನ್ನಪ್ಪ ನನ್ನ ಟವೆಲು ಕೇಳಿ ಪಡೆದು, ನಡುವಿಗೆ ಕಟ್ಟಿಕೊಂಡು ದೋಣಿ ಏರಿದ್ದ. ಇನ್ನೂ ಮರಳಿರಲಿಲ್ಲ.

ದೇವಮ್ಮ ಅವನ ಅಂಗಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಹೊಗೆ ತುಂಬಿದರೂ ಯಾರಿಗೂ ಕೆಮ್ಮು ಬರಲಿಲ್ಲ.

"ಘಾಟೇ ಇಲ್ಲ ಸಾಹೇಬ್ರೆ. ದೃಷ್ಟಿ ಗಟ್ಟಿ ಉಂಟು."

"ಬ್ಯಾಡಗಿ ಕಾಯಿರಿ ಅವ್ವಾ, ಬಣ್ಣ ಭಾಳ, ಖಾರ ಕಮ್ಮಿ," ಎಂದೆ.

ಆಗಲೇ ಹೊನ್ನಪ್ಪ ಹಿತ್ತಲಿನಿಂದ ಬಂದು, ಟವೆಲನ್ನು ನನ್ನ ಹೆಗಲಿಗೆ ಹಾಕಿ ಹೊರಟುಹೋದ. ಅದು ಒಣಗಿತ್ತು, ಆದರೂ ಕೊರೆಯುವಷ್ಟು ತಣ್ಣಗಿತ್ತು. ತಾಯಿ ತಲೆಯೆತ್ತಲಿಲ್ಲ. ಅಂಚಿನಲ್ಲಿ ನನ್ನ ಹೆಂಡತಿ ರಸೂಲಬಿ ಹಾಕಿದ ಹಸಿರು ಹೊಲಿಗೆಯಿತ್ತು.

ಮಧ್ಯಾಹ್ನ ಅವನ ಹೆಣ ದಡಕ್ಕೆ ಬಂತು. ಬೆಳಗಿನ ಟವೆಲು ನನ್ನ ಹೆಗಲ ಮೇಲಿರುವಾಗಲೇ, ದೇವಮ್ಮ ಮಗನ ನಡುವಿನಿಂದ ಅದೇ ಹಸಿರು ಹೊಲಿಗೆಯ ಟವೆಲನ್ನು ಬಿಚ್ಚಿ, ಹಿಂಡಿ, ನನ್ನ ಕೈಗಿಟ್ಟಳು.