ಜೇವರ್ಗಿ ರಸ್ತೆಯಲ್ಲಿ ಒಂದು ಹೂಂ

"ನಿಮ್ಮ ಮಷಿನ್ ಸುಳ್ಳು ಹೇಳ್ತದ, ಇಲ್ಲಾ ನೀವು ಹೇಳ್ತೀರಿ!"

ಬಸವೇಶ್ವರಿಯ ಕೂಗಿಗೆ ಅಫಜಲಪುರದ ಆ ಎಮಿಷನ್ ಟೆಸ್ಟ್ ಅಂಗಡಿಯ ಪಕ್ಕ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಹೊಗಿ ಹೆಚ್ಚದರಿ. ನಾ ಏನ್ ಮಾಡ್ಲಿ?" ಕಲ್ಲಿನಾಥ ಕಾರಿನ ಸೈಲೆನ್ಸರಿನಿಂದ ಪೈಪು ಎಳೆದ.

"ಎರಡನೇ ಸಲ ಫೇಲ್! ಮದುವಿಗೆ ನಾ ಹೂಂ ಅನ್ಲಿಲ್ಲಂತ ಸೇಡು ತೀರಿಸ್ಕೊಳ್ಳಾಕತ್ತೀರೇನು?"

ಕಲ್ಲಿನಾಥನ ಮುಖ ಸುಟ್ಟ ರೊಟ್ಟಿಯಂತಾಯಿತು.

ಹೋದ ತಿಂಗಳು ಅವನೇ ಅವಳನ್ನು ನೇರವಾಗಿ ಕೇಳಿದ್ದ. 'ವಿಚಾರ ಮಾಡ್ತೇನಿ' ಎಂದಿದ್ದಳು. ಗಂಡ ತೀರಿಕೊಂಡ ಮೇಲೆ ಗಾಣಗಾಪುರದಲ್ಲಿ ಅಣ್ಣ ಶಾಂತಲಿಂಗಪ್ಪನ ಮನೆಯಲ್ಲಿದ್ದಳು. ದೇವರಿಗೆ ಬರುವವರನ್ನು ತನ್ನ ಕಾರಿನಲ್ಲಿ ತಾನೇ ಕರೆತಂದು ದುಡಿಯುತ್ತಿದ್ದಳು. ಅಣ್ಣನಿಗೆ ಅದು ಕಣ್ಣಿಗೆ ಬಿದ್ದ ಕಸ. "ಇವತ್ತೂ ಪಾಸಾಗ್ಲಿಲ್ಲಂದ್ರ ಗಾಡಿ ಮಾರೋದೇ!" ಎಂದು ಬೆಳಿಗ್ಗೆಯೇ ಗುಡುಗಿದ್ದ.

"ಸೇಡು ತೀರಿಸೋನಾಗಿದ್ರ..." ಕಲ್ಲಿನಾಥನ ದನಿ ಗಡುಸಾಯಿತು. "ಹೊಸಾ ಬ್ಯಾಟರಿ ಹಾಕಿದ್ಮ್ಯಾಲ ಕಾರಿನ ಕಂಪ್ಯೂಟರ್ ಕಲ್ತದ್ದೆಲ್ಲಾ ಮರ್ತು ಹೊಗಿ ಹೆಚ್ಚು ಬಿಡ್ತದ, ಚೆಂದಂಗ ಓಡಿಸಿ ಆಮ್ಯಾಲ ಬರ್ರಿ ಅಂತ ನಾ ಯಾಕ ಹೇಳ್ತಿದ್ದೆ?"

"ಓಡಿಸೀನಿ! ದಿನಾ ಓಡಿಸೀನಿ!"

ಬಾಗಿಲು ಬಡಿದು ಸೀಟಿನಲ್ಲಿ ಕೂತಳು. ಕೀಲಿ ತಿರುವಿದಳು.

ಆಗ ಅವಳ ಕಣ್ಣು ಕಾರಿನ ಗಡಿಯಾರದ ಮೇಲೆ ಬಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು... ಗಡಿಯಾರದಲ್ಲಿ ಇನ್ನೂ ನಸುಕು!

ಬ್ಯಾಟರಿಯ ವೈರ್ ಬಿಚ್ಚಿ ಹಾಕಿದಾಗೆಲ್ಲ ಆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು.

ಹಳೇ ಬ್ಯಾಟರಿ ರಾತ್ರಿ ಕಳೆಯುವುದರೊಳಗೆ ಸತ್ತು ಬೀಳುತ್ತಿತ್ತು. ಅದಕ್ಕೇ ಮಲಗುವ ಮುಂಚೆ ಬಾನೆಟ್ ಎತ್ತಿ ವೈರ್ ಬಿಚ್ಚಿಡುವುದು ಅವಳ ಚಾಳಿ. ಬ್ಯಾಟರಿ ಹೊಸದಾಯಿತು, ಕೈ ಹಳೆಯದೇ ಉಳಿಯಿತು. ಹಗಲೆಲ್ಲ ಓಡಿಸಿ ಕಲಿಸಿದ್ದನ್ನು ದಿನಾ ರಾತ್ರಿ ತಾನೇ ಅಳಿಸಿದ್ದಳು!

'ಅಯ್ಯೋ... ಊರ ಮುಂದ ಇವರ ಮಾನ ಕಳದ್ನಲ್ಲ!'

ಇಳಿದು ಬಂದಳು. ಚಹಾದವರಿಗೂ ಕೇಳುವಂತೆ ಹೇಳಿದಳು. "ತಪ್ಪು ನಂದದ. ವೈರ್ ನಾನೇ ಬಿಚ್ಚತಿದ್ದೆ. ಸಂಜಿ ಮಟ ಅಂಗಡಿ ತೆರ್ದಿಡ್ರಿ. ಜೇವರ್ಗಿ ಮಟ ಓಡಿಸ್ಕೊಂಡು ಬರ್ತೇನಿ. ಇವತ್ತ ಪಾಸ್ ಮಾಡೇ ಬಿಡ್ತೇನಿ!"

ಕಲ್ಲಿನಾಥ ಶಟರ್ ಎಳೆದ. "ನಡೀರಿ, ನಾನೂ ಬರ್ತೇನಿ."

ತೊಗರಿ ಹೊಲಗಳು ಹಿಂದೆ ಸರಿದವು. ಏಸಿ ಇಲ್ಲ, ಅವಸರವಿಲ್ಲ, ಒಂದೇ ಸಮ ಓಟ. ಇಬ್ಬರೂ ಬೆವರಿದರು.

ಜೇವರ್ಗಿಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಿಸಿದಳು.

"ಬಂದ್ ಮಾಡಬ್ಯಾಡ್ರಿ. ನಿಂತಲ್ಲೂ ಸಮಾಧಾನ ಇರೂದು ಕಲೀಲಿ," ಎಂದ ಕಲ್ಲಿನಾಥ.

"ಕಾರಿಗಿ ಹೇಳಾಕತ್ತೀರೋ, ನನಗೋ?"

ಅವನು ನಕ್ಕುಬಿಟ್ಟ. ಅವಳ ಕಣ್ಣು ತುಂಬಿತು. "ನನ್ನ ಸಿಟ್ಟು ನೋಡಿದ್ರಲ್ಲ... ಇಂಥಾಕಿನ್ನ ಹ್ಯಾಂಗ ಕಟ್ಕೋತೀರಿ?"

"ಸಿಟ್ಟು ಗೊತ್ತಿದ್ದೇ ಕೇಳೀನಿ."

"ನಾ ಕಾರ್ ಬಿಡಂಗಿಲ್ಲ."

"ಬಿಡಂತ ಯಾರಂದ್ರು?"

ಎಂಜಿನ್ ಸದ್ದು ಮೆತ್ತಗೆ, ಸಮನಾಗಿ ಕೇಳುತ್ತಿತ್ತು.

"ಹಂಗಾದ್ರ... ಹೂಂ."

"ಪಾಸ್ ಮಾಡ್ಸಾಕ ಹೂಂ ಅನ್ನಾಕತ್ತಿಲ್ಲಲ್ಲ?"

"ಫೇಲಾದ್ರೂ ಹೂಂ ರೀ!"

ಸಂಜೆ ಅಂಗಡಿಗೆ ಮರಳಿ ಪೈಪು ಹಚ್ಚಿದಾಗ ಕಾರು ಪಾಸಾಯಿತು! ಪೊಲ್ಯೂಷನ್ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಬಸವೇಶ್ವರಿ ಅಣ್ಣನ ಮನೆಗೆ ಹೋದಳು. ಕಲ್ಲಿನಾಥ ಹೊರಗೆ ಕಾರಿನಲ್ಲೇ ಕೂತ.

ಶಾಂತಲಿಂಗಪ್ಪ ಕಾಗದವನ್ನು ನೋಡಲೂ ಇಲ್ಲ. "ಪಾಸಾದ್ರೇನ್ ಬೇ? ಗಾಡಿ ಮಾರ್ತೀನಂತ ಹಿರೋಳ್ಳಿಯವ್ರಿಗೆ ಮಾತು ಕೊಟ್ಟೀನಿ. ಕೀಲಿ ಇಡು! ಇಲ್ಲಾಂದ್ರ ಹೊರಗ ನಡಿ!"

"ಬರ್ತೇನಿ ಅನ್ನಂಗಿಲ್ಲಣ್ಣಾ... ಹೋಗ್ತೇನಿ."

ನಾಲ್ಕು ಸೀರೆ ಚೀಲಕ್ಕೆ ತುರುಕಿಕೊಂಡು ಹೊಸ್ತಿಲು ದಾಟಿದಳು. ಆ ಮನೆಗೆ ಅವಳು ಮತ್ತೆಂದೂ ಕಾಲಿಡಲಿಲ್ಲ.

"ಅಳಾಕತ್ತೀರಿ... ನಾ ಓಡಿಸ್ಲೇನು?" ಕಲ್ಲಿನಾಥ ಕೇಳಿದ.

"ಅತ್ಕೋತನೂ ನೆಟ್ಟಗ ಓಡಿಸ್ತೇನಿ. ಸರ್ದು ಕೂಡ್ರಿ. ನಿಮ್ಮ ಅವ್ವಗ ಏನಂತ ಹೇಳ್ತೀರಿ?"

"ಫೋನ್ ಮಾಡಿ ಹೇಳೀನಿ. ರೊಟ್ಟಿ ಬಡಿಯಾಕತ್ತಾಳ."