ಓವರ್‌ಫ್ಲೋ ಪೈಪಿಗೆ ಅಜ್ಜಿಯ ಅರಿವೆ

“ಅಜ್ಜಿ, ಅದನ್ನ ಬಿಚ್ಚ ಬೇ. ಪೈಪಿಗೆ ಬ್ಯಾಂಡೇಜ್ ಸುತ್ತಿದಂಗ ಕಾಣತೈತಿ” ಎಂದಳು ನೇತ್ರಾ.

ರಾಮವ್ವಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅಕ್ವೇರಿಯಮ್ಮಿನಿಂದ ಬಕೆಟ್ಟಿಗೆ ಇಳಿದಿದ್ದ ಹೊಸ ಪೈಪಿನ ಬಾಯಿಗೆ ಹಳೇ ಸೀರೆಯ ತುಂಡನ್ನು ಚೀಲದ ಹಾಗೆ ಕಟ್ಟಿ, ಎರಡು ಗಂಟು ಬಿಗಿದಳು.

“ನೀರು ಬರೋ ಬಾಯಿಗೆ ಅರಿವಿ ಕಟ್ಟಬೇಕು. ನಮ್ಮ ಮನ್ಯಾಗ ಮೊದಲಿಂದ ಹಂಗ.”

ಅದೇನೋ ಖರೆ. ಆ ಮನೆಯಲ್ಲಿ ನಳಕ್ಕೂ ಅರಿವೆ, ಕೊಡಕ್ಕೂ ಅರಿವೆ.

ಬೆಟಗೇರಿಯ ಆ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಬಂದ ದಿನ ಮಾಳಿಗೆಯ ಡ್ರಮ್ಮಿನ ಹಳೇ ನೀರನ್ನು ಪೈಪಿನಲ್ಲಿ ಇಳಿಸಿ ಮೀನುಗಳಿಗೆ ಬಿಡಬೇಕು, ಆಮೇಲೆ ಡ್ರಮ್ಮಿಗೆ ಹೊಸ ನೀರು. ಹೋದ ಸಲ ನೇತ್ರಾ ಪೈಪ್ ಬಿಟ್ಟು ಕೊಡ ತುಂಬಲು ಓಡಿದವಳು ಮರೆತೇಬಿಟ್ಟಳು. ಅಕ್ವೇರಿಯಮ್ ತುಂಬಿ ಹರಿದು, ಪಡಸಾಲೆಯಲ್ಲಿದ್ದ ಶೇಂಗಾ ಚೀಲ ನೆನೆದು ತೊಪ್ಪೆಯಾಯಿತು.

“ಇನ್ನೊಮ್ಮೆ ಏನರ ಆತಂದ್ರ ಇದು ಮುಂಡರಗಿಗೆ, ನಿಮ್ಮ ಅತ್ತಿ ಮನಿಗೆ” ಎಂದು ಅಪ್ಪ ಹೇಳಿದ್ದ. “ಕಳಿಸೇ ಬಿಡು. ಮನ್ಯಾಗ ಮೀನ ಯಾಕ ಬೇಕು” ಎಂದು ಅಜ್ಜಿ ಬೆಂಕಿಗೆ ತುಪ್ಪ ಸುರಿದಿದ್ದಳು. ನೇತ್ರಾ ಆವತ್ತು ಊಟ ಬಿಟ್ಟು ಅತ್ತಿದ್ದಳು.

ಅದಕ್ಕೇ ಈಗ ಓವರ್‌ಫ್ಲೋ. ಗಾಜಿನ ಅಂಗಡಿಯ ಅಬ್ರಾರ ಕಾಕಾ ಬೆಳಿಗ್ಗೆ ಬಂದು, ಗಾಜಿನ ಮೇಲಂಚಿನ ಹತ್ತಿರ ತೂತು ಕೊರೆದು ಪೈಪ್ ಕೂರಿಸಿದ್ದ.

“ನೀರು ಇಲ್ಲೀತನಕ ಏರಿತಂದ್ರ ತಾನಾ ಬಕೆಟ್ಟಿಗೆ ಇಳೀತೈತಿ. ಆದ್ರ ಮೀನ ಹೊರಗ ಹೋಗದಂಗ ಒಳಗ ತೂತಿಗೆ ಜಾಳಗಿ ಹಾಕಬೇಕು. ನಾಳೆ ತರತೀನಿ. ಅಲ್ಲೀತನಕ ನೀರು ಬಿಡಬ್ಯಾಡ ನೋಡವ್ವಾ” ಎಂದು ಹೇಳಿ ಹೋಗಿದ್ದ. ಅದನ್ನು ಕೇಳಿ ಹೂಂ ಅಂದವಳು ನೇತ್ರಾ ಒಬ್ಬಳೇ.

ಸಂಜೆ ಓಣಿಯಲ್ಲಿ ಕೂಗೆದ್ದಿತು, “ನಳಾ ಬಂತ್ರೋ!”

ಇನ್ನು ನೇತ್ರಾಳಿಗೆ ಎಲ್ಲಿಯ ತಾಳ್ಮೆ? ಅಪ್ಪ ಬರುವಷ್ಟರಲ್ಲಿ ಓವರ್‌ಫ್ಲೋ ಕೆಲಸ ಮಾಡಿ ತೋರಿಸಬೇಕಿತ್ತು. ಡ್ರಮ್ಮಿನ ಪೈಪನ್ನು ಅಕ್ವೇರಿಯಮ್ಮಿಗೆ ಬಿಟ್ಟು, ಕೊಡ ಎತ್ತಿಕೊಂಡು ಓಡಿದಳು.

ತಿರುಗಿ ಬಂದಾಗ ಪಡಸಾಲೆ ಒಣಗಿಯೇ ಇತ್ತು. ನೀರು ಜುಳುಜುಳು ಬಕೆಟ್ಟಿಗೆ ಇಳಿಯುತ್ತಿತ್ತು. ನೇತ್ರಾ ಕುಣಿದಳು. ಕುಣಿಯುತ್ತಲೇ ಮೀನು ಎಣಿಸಿದಳು. ಒಂದು, ಎರಡು, ಮೂರು.

ನಾಲ್ಕನೆಯದು, ಕೆಂಪು ಮೈ, ಕರಿ ಬಾಲದ ಗುಲಗಂಜಿ ಎಲ್ಲಿ?

ಆಗ ಜಾಳಗಿಯ ನೆನಪಾಯಿತು. ಬಕೆಟ್ಟಿನಲ್ಲಿ ಕೈಯಾಡಿಸಿದರೆ ಬರೀ ನೀರು. ಅಜ್ಜಿ ಆಗಲೇ ಒಂದು ಬಕೆಟ್ ನೀರನ್ನು ಹಿತ್ತಲಿನ ಕರಿಬೇವಿಗೆ ಸುರಿದಿದ್ದಳು. ನೇತ್ರಾ ಹಿತ್ತಲಿಗೆ ಓಡಿ, ಗಿಡದ ಬುಡದ ಕೆಸರನ್ನೆಲ್ಲ ಕೆದರತೊಡಗಿದಳು. ಕಣ್ಣೀರು ಬಳಬಳ ಉದುರಿತು.

“ಅಲ್ಲೇನ ಹುಡುಕತಿ? ಇಲ್ಲಿ ಬಾ” ಎಂದು ಅಜ್ಜಿ ಕರೆದಳು.

ಅಜ್ಜಿಯ ಕೈಯಲ್ಲಿ ನೀರಿನ ಚರಗಿ. ಅದರೊಳಗೆ ಗುಲಗಂಜಿ ಗಿರಗಿರ ಸುತ್ತುತ್ತಿತ್ತು.

“ಒಂದು ಕಮ್ಮಿ ಐತೆಲ್ಲಾ ಅಂತ ನೋಡಿದೆ. ಅರಿವ್ಯಾಗ ಪಟಪಟ ಅನ್ನಾಕತ್ತಿತ್ತು.”

“ನೀ ಮೀನ ಎಣಸ್ತಿ ಏನ ಬೇ?”

“ನನಗ ಬ್ಯಾರೆ ಕೆಲಸ ಇಲ್ಲೇನ” ಎಂದು ಅಜ್ಜಿ ಮುಖ ತಿರುಗಿಸಿದಳು.

ಅಪ್ಪ ಬಂದವನೇ ನೆಲ ನೋಡಿದ. ನೇತ್ರಾ ಕೆಸರಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ಒಂದ ಹನಿ ಚೆಲ್ಲಿಲ್ಲ. ಮುಂಡರಗಿಗೇನ ಕಳಸೂದು ಬ್ಯಾಡ” ಎಂದಳು ಅಜ್ಜಿ. ಗುಲಗಂಜಿಯ ಸುದ್ದಿ ಎತ್ತಲಿಲ್ಲ.

ಮರುದಿನ ಅಬ್ರಾರ ಕಾಕಾ ಜಾಳಗಿ ಕೂರಿಸಿದ. “ಇನ್ನ ಮೀನ ಹೊರಗ ಬರೂದಿಲ್ಲ. ಆ ಅರಿವಿ ತಗದ ಬಿಡು.”

ನೇತ್ರಾ ಅರಿವೆ ಬಿಚ್ಚಿದಳು. ತೊಳೆದು, ಹಿಂಡಿ, ಮತ್ತೆ ಅಲ್ಲೇ ಕಟ್ಟಿ ಎರಡು ಗಂಟು ಬಿಗಿದಳು.

“ಇರಲಿ ಕಾಕಾ. ನಮ್ಮ ಮನ್ಯಾಗ ಮೊದಲಿಂದ ಹಂಗ.”