ಪರವಾಗಿಲ್ಲ ಅನ್ನುವ ಊರಿನಲ್ಲಿ

“ಹೇಗಿದೆ?” ಎಂದು ರೂಫಸ್ ಕೇಳಿದ.

ಕೇಳಿದ್ದು ಬಿಯರಿನ ಬಗ್ಗೆ. ಆದರೆ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ತಲೆಯನ್ನು ತುಸು ವಾಲಿಸಿ, ಕಂದು ಕಣ್ಣುಗಳನ್ನು ಅವಳ ಮುಖದಿಂದ ಕದಲಿಸದೆ ಅವನು ಕೇಳುವ ರೀತಿಗೆ ಹೆಸ್ಟರಳ ಕಿವಿ ಬಿಸಿಯಾಗುತ್ತಿತ್ತು. ಪ್ರತಿ ಶುಕ್ರವಾರ ಏಡಿ, ಮೀನುಗಳ ಬುಟ್ಟಿಗಳನ್ನು ಪಬ್ಬಿನ ಹಿಂಬಾಗಿಲಲ್ಲಿ ಇಳಿಸಿ, ಮುಂಬಾಗಿಲಿನಿಂದ ಗಿರಾಕಿಯಾಗಿ ಅವಳು ಒಳಗೆ ಬರುತ್ತಿದ್ದದ್ದೇ ಈ ಒಂದು ಪ್ರಶ್ನೆಗಾಗಿ.

ಗ್ಲಾಸಿನಲ್ಲಿ ಇದ್ದದ್ದು ಮಾತ್ರ ಹೆಚ್ಚುಕಮ್ಮಿ ವಿನೆಗರ್.

“ಪರವಾಗಿಲ್ಲ,” ಎಂದಳು.

ನಾರ್ಫೋಕ್ ಕರಾವಳಿಯ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅದಕ್ಕಿಂತ ಕಟುವಾದ ಬೈಗುಳವೂ ಇರಲಿಲ್ಲ. ಮಗಳ ಮದುವೆ ಹೇಗಾಯಿತು? ಪರವಾಗಿಲ್ಲ. ಹೊಟ್ಟೆಯ ಆಪರೇಷನ್? ಪರವಾಗಿಲ್ಲ. ದೋಣಿ ಮಗುಚಿ ಈಜಿಕೊಂಡು ದಡ ಸೇರಿದವನೂ, ನೀರು ಹೇಗಿತ್ತು ಎಂದರೆ ಹಾಗೇ ಹೇಳುತ್ತಿದ್ದ.

ವಸಂತದಿಂದ ಈಚೆಗೆ ‘ಕರ್ಲ್ಯೂ’ ಪಬ್ಬಿನ ಬಿಯರ್ ಹುಳಿಯಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ನಡೆಸುವ ರೂಫಸನೊಬ್ಬನನ್ನು ಬಿಟ್ಟು. ಮೂಲೆಯ ಬೆಂಚಿನ ಮುದುಕ ವಿಲ್ಫ್ ತನ್ನ ಪಾಲನ್ನು ಕಿಟಕಿಯ ಜೆರೇನಿಯಂ ಕುಂಡಕ್ಕೆ ಸುರಿಯುತ್ತಿದ್ದ. ಗಿಡ ಬೇಸಿಗೆ ಕಾಣಲಿಲ್ಲ. ರೂಫಸನ ಮನಸ್ಸು ನೋಯಿಸಬಾರದೆಂದು ಜನ ಪೂರ್ತಿ ಪೈಂಟಿನ ಬದಲು ಅರ್ಧ ಕೇಳತೊಡಗಿದರು. ಮಾರಾಟ ಕಮ್ಮಿಯಾದಂತೆ, ತೆರೆದ ಪೀಪಾಯಿ ಹೆಚ್ಚು ದಿನ ಉಳಿಯುತ್ತಿತ್ತು, ಗಾಳಿ ಸೇರುತ್ತಿತ್ತು, ಮುಂದಿನ ಅರ್ಧ ಇನ್ನಷ್ಟು ಹುಳಿಯಾಗುತ್ತಿತ್ತು. ಊರಿನ ಕರುಣೆಯೇ ಬಿಯರನ್ನು ಕೆಡಿಸುತ್ತಿತ್ತು.

“ನಾಲ್ಕು ಗಂಟೆಗೆ ಬ್ರೂವರಿಯಿಂದ ಬರ್ತಾರೆ,” ಎಂದ ರೂಫಸ್. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. “ಬಿಯರ್ ಮಾಡೋರೂ ಅವರೇ, ಕಟ್ಟಡವೂ ಅವರದಲ್ವಾ. ವ್ಯಾಪಾರ ಬಿದ್ದುಹೋಗಿದೆ ಅಂತಾರೆ. ಬಿಯರ್ ಕುಡಿದು ನೋಡಿ, ನನ್ನನ್ನ ಇಲ್ಲಿ ಇಟ್ಕೊಳ್ಳೋದೋ ಕಳಿಸೋದೋ ಹೇಳ್ತಾರಂತೆ.”

ನಗುತ್ತಲೇ ಹೇಳಿ, ಗ್ಲಾಸು ಜೋಡಿಸಲು ಆಚೆ ತುದಿಗೆ ಹೋದ.

ಪಕ್ಕದಲ್ಲಿ ಹೆಣಿಗೆ ಹಾಕುತ್ತಿದ್ದ ಡೊರೀನ್ ಪಿಸುಗುಟ್ಟಿದಳು: “ಯಾರಾದ್ರೂ ಹೇಳ್ಬೇಕು ಕಣಮ್ಮಾ.”

“ನೀವೇ ಹೇಳಿ.”

“ನಾನಾ? ತೊಟ್ಟಿಲಲ್ಲಿ ನೋಡಿದ ಹುಡುಗ ಅವನು. ನನ್ನ ಬಾಯಲ್ಲಿ ಹೇಗೆ ಬರುತ್ತೆ?”

“ನನಗಂತೂ ಒಗ್ಗಿಹೋಗಿದೆ,” ಎಂದ ವಿಲ್ಫ್. “ಮಂಡಿನೋವೂ ಕಮ್ಮಿಯಾಗಿದೆ.”

ಹೆಸ್ಟರ್ ಗ್ಲಾಸನ್ನು ತಿರುಗಿಸುತ್ತ ಕುಳಿತಳು. ಹೇಳಿದರೆ, ಆ ಕಣ್ಣುಗಳು ಇನ್ನೆಂದೂ ತನ್ನನ್ನು ಹಾಗೆ ನೋಡಲಾರವು. ಹೇಳದಿದ್ದರೆ, ಸಂಜೆಯ ಹೊತ್ತಿಗೆ ಅವನಿಗೆ ಪಬ್ಬೂ ಇರುವುದಿಲ್ಲ, ಈ ಊರಿನಲ್ಲಿರಲು ಕಾರಣವೂ ಇರುವುದಿಲ್ಲ.

“ರೂಫಸ್.” ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಬಿಯರ್ ಕೆಟ್ಟುಹೋಗಿದೆ.”

ಡೊರೀನಳ ಕಡ್ಡಿಗಳು ನಿಂತವು. ವಿಲ್ಫ್ ಚಾವಣಿಯ ತೊಲೆಯನ್ನು ದಿಟ್ಟಿಸತೊಡಗಿದ.

ರೂಫಸ್ ಬಂದು ಅವಳ ಗ್ಲಾಸನ್ನೆತ್ತಿ ಗಟಗಟನೆ ಕುಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಗಲೇ ಅವಳಿಗೆ ಹೊಳೆದದ್ದು. ಅವನು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟು ನೆಲಮಾಳಿಗೆಯ ಮೆಟ್ಟಿಲಿಳಿದ. ಅವಳೂ ಹಿಂದೆಯೇ ಇಳಿದಳು.

ಒದ್ದೆ ಇಟ್ಟಿಗೆಯ ತಂಪಿನಲ್ಲಿ ಪೀಪಾಯಿಗಳು ಅಡ್ಡ ಮಲಗಿದ್ದವು.

“ಎಲ್ಲರಿಗೂ ಗೊತ್ತಿತ್ತಾ?”

“ಗೊತ್ತಿತ್ತು.”

“ನಿನಗೂ?”

“ನನಗೂ.”

“ವಾರ ವಾರ ಕೇಳಿದ್ನಲ್ಲೇ, ಹೇಗಿದೆ ಅಂತ!”

ಅವನು ರೇಗಿದ್ದರೆ ತಡೆದುಕೊಳ್ಳಬಹುದಿತ್ತು. ದನಿ ಒಡೆದಿತ್ತು. ಅವಳು ಹತ್ತಿರ ಹೋಗಿ ಕೇಳಿದಳು: “ನಿನಗೆ ರುಚಿ ಗೊತ್ತಾಗಲ್ಲ, ಅಲ್ವಾ?”

ಅವನು ಪೀಪಾಯಿಗೆ ಒರಗಿದ. “ಜನವರಿಯಲ್ಲಿ ಜ್ವರ ಬಂತಲ್ಲ, ಆವಾಗ ವಾಸನೆ ಹೋಯ್ತು. ಅದರ ಹಿಂದೆ ರುಚಿನೂ ಹೋಯ್ತು. ತಾನಾಗೇ ಬರುತ್ತೆ ಅಂದ್ರು ಡಾಕ್ಟರು. ಬರಲಿಲ್ಲ. ಕಾಫಿ ಅಂದ್ರೆ ಬಿಸಿನೀರು, ಸಮುದ್ರ ಅಂದ್ರೆ ಬರೀ ಗಾಳಿ. ಪಬ್ ನಡೆಸೋನು ಇದನ್ನ ಯಾರಿಗೆ ಹೇಳೋದು? ಅದಕ್ಕೇ ನಿನ್ನ ಮುಖ ನೋಡಿ ಅಂದಾಜು ಮಾಡ್ತಿದ್ದೆ.”

ಹೆಸ್ಟರ್ ಒಂದು ಹೆಜ್ಜೆ ಹಿಂದೆ ಸರಿದಳು.

“ಅದಕ್ಕಾ ಹಾಗೆ ನೋಡ್ತಿದ್ದದ್ದು? ಬಿಯರಿಗೋಸ್ಕರ?”

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲಿನತ್ತ ತಿರುಗಿದಳು.

“ಮೊದಲನೇ ವಾರ ಬಿಯರಿಗೋಸ್ಕರ,” ಎಂದ ಅವನು. “ಆಮೇಲೆ… ಡೊರೀನ್ ದಿನಾ ಬರ್ತಾಳೆ, ಹೆಸ್ಟರ್. ಅವಳ ಮುಖ ನೋಡಬಹುದಿತ್ತು. ನೋಡಲಿಲ್ಲ.”

ಅವಳು ತಿರುಗಲಿಲ್ಲ, ಹತ್ತಲೂ ಇಲ್ಲ. “ನಾನು ಪ್ರತಿ ಸಲ ವ್ಯಾನಲ್ಲಿ ಕೂತು ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಬರ್ತಿದ್ದೆ,” ಎಂದಳು ಗೋಡೆಗೆ. “ಮೀನು ವಾಸನೆ ನಿನಗೆ ಬರಬಾರದು ಅಂತ.”

“ಪ್ರತಿ ಸಲ?”

“ಗಾಯ ಇದ್ದಾಗಲೂ! ಎಷ್ಟು ಉರೀತಿತ್ತು ಗೊತ್ತಾ?”

ಅವನು ನಕ್ಕ. ಇಷ್ಟು ಹೊತ್ತಿನ ಬಿಗಿ ಒಮ್ಮೆಲೇ ಬಿಚ್ಚಿಕೊಂಡಂಥ, ಅಳುವಿಗೆ ತೀರಾ ಹತ್ತಿರದ ನಗು. ಆಮೇಲೆ ಒಂದು ಚಿಕ್ಕ ಗ್ಲಾಸು ತಂದು ಮೊದಲ ಪೀಪಾಯಿಯ ನಲ್ಲಿಗೆ ಹಿಡಿದ. “ಇರೋ ಮೂರನ್ನೂ ನೋಡು. ಈ ಸಲ ಮುಖ ಬಿಗಿಹಿಡೀಬೇಡ.”

ಮೊದಲನೆಯದಕ್ಕೆ ಅವಳು ಕಣ್ಣು ಮುಚ್ಚಿ ಮುಖ ಕಿವುಚಿದಳು. ಎರಡನೆಯದನ್ನು ನೆಲಕ್ಕೆ ಉಗುಳಿದಳು. ಮೂರನೆಯದು ಹೊಸದಾಗಿ ತೆರೆದದ್ದು. ನಾಲಗೆಯ ಮೇಲೆ ಮೊದಲು ಹುರಿದ ಬಾರ್ಲಿ, ಆಮೇಲೆ ಹಿತವಾದ ಕಹಿ. ಅವಳು ಏನೂ ಹೇಳಬೇಕಾಗಲಿಲ್ಲ. ಅವನು ನೋಡುತ್ತಿದ್ದದ್ದು ಗ್ಲಾಸನ್ನಲ್ಲ. ಅವಳ ಹುಬ್ಬು ಸಡಿಲವಾದದ್ದನ್ನು, ತುಟಿಯ ಅಂಚು ಮೇಲೆದ್ದದ್ದನ್ನು, ಕೆನ್ನೆಗೆ ಬಣ್ಣ ಬಂದದ್ದನ್ನು ಒಂದೊಂದಾಗಿ ಓದಿಕೊಂಡ.

ಮೇಲೆ ಕಾರು ನಿಂತ ಸದ್ದಾಯಿತು.

ಬ್ರೂವರಿಯ ಕ್ರಾಸ್ಲಿ ತೆಳ್ಳನೆಯ, ಮಾತು ಕಮ್ಮಿಯ ಮನುಷ್ಯ. ಮೂರನೇ ಪೀಪಾಯಿಯ ಬಿಯರನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಅರ್ಧದವರೆಗೆ ಕುಡಿದ.

“ತುಂಬ ಚೆನ್ನಾಗಿದೆ. ಹಾಗಾದ್ರೆ ಜನ ಯಾಕೆ ಕಮ್ಮಿಯಾದ್ರು?”

“ಎಲ್ಲರಿಗೂ ಮಂಡಿನೋವು,” ಎಂದ ವಿಲ್ಫ್ ತಕ್ಷಣ.

ರೂಫಸ್ ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರು ಎಂದು ಹೆಸ್ಟರ್ ಅವನಿಗೆ ಕಣ್ಸನ್ನೆ ಮಾಡಿದಳು.

“ನಾನು ಕೆಟ್ಟ ಬಿಯರ್ ಕೊಟ್ಟೆ,” ಎಂದ ಅವನು. “ನನಗೆ ವಾಸನೆನೂ ಇಲ್ಲ, ರುಚಿನೂ ಇಲ್ಲ. ನೀವು ಕುಡಿದದ್ದನ್ನ ಈಗ ತಾನೇ ಇವಳು ಆರಿಸಿಕೊಟ್ಟಳು.”

ಕ್ರಾಸ್ಲಿ ಅವಳನ್ನೂ, ಕಿಟಕಿಯಾಚೆಯ ಮೀನಿನ ವ್ಯಾನನ್ನೂ ನೋಡಿದ. “ನಿಜ ಹೇಳಿದ್ರಿ, ಸಂತೋಷ. ಆದ್ರೆ ಪೀಪಾಯಿ ದಿನಾ ಬದಲಾಗುತ್ತೆ. ಆಗೀಗ ಬಂದುಹೋಗೋರ ನಾಲಗೆ ನಂಬಿ ನಾನು ಪಬ್ ಕೊಡೋಕಾಗಲ್ಲ. ದಿನಾ ಯಾರು ನೋಡ್ತಾರೆ?”

ರೂಫಸ್ ಹೆಸ್ಟರಳತ್ತ ತಿರುಗಿದವನು, ಕೇಳಲು ತನಗೇನು ಹಕ್ಕು ಎಂಬಂತೆ ನೆಲ ನೋಡಿದ.

“ನಾನು,” ಎಂದಳು ಹೆಸ್ಟರ್.

“ನೀವು ಇಲ್ಲೇ ಇರ್ತೀರಾ?”

“ಅದನ್ನ ನೀವು ಕೇಳಬಾರದು. ಅವನು ಕೇಳಬೇಕು.”

ರೂಫಸ್ ತಲೆಯೆತ್ತಿದ. ಕಿವಿಯವರೆಗೂ ಕೆಂಪಾಗಿದ್ದ.

“ಇರ್ತೀಯಾ?”

“ಬಿಯರ್ ನೋಡೋಕಾ?”

“ಅಲ್ಲ. ಪಬ್ ಹೋದ್ರೂ ಕೇಳ್ತಿದ್ದೆ, ಹೆಸ್ಟರ್. ಸ್ವಲ್ಪ ತಡವಾಗಿ ಕೇಳ್ತಿದ್ದೆ, ಅಷ್ಟೇ.”

“ಇರ್ತೀನಿ ಕಣೋ,” ಎಂದಳು. ಎಲ್ಲರಿಗೂ ಕೇಳುವಂತೆಯೇ ಎಂದಳು.

“ಸರಿ, ಇನ್ನೊಂದು ವರ್ಷ ನೋಡೋಣ,” ಎಂದು ಕ್ರಾಸ್ಲಿ ಉಳಿದ ಅರ್ಧವನ್ನು ಮುಗಿಸಿದ.

ರೂಫಸ್ ಕೌಂಟರಿನ ಮೇಲಿಂದ ಕೈಚಾಚಿ, ಅವಳ ಒರಟು ಬೆರಳುಗಳನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ. ಪಬ್ಬಿನಲ್ಲಿದ್ದವರೆಲ್ಲ ಒಟ್ಟಿಗೆ ಕಿಟಕಿಯತ್ತ ತಿರುಗಿ, ಇದುವರೆಗೂ ಕಂಡೇ ಇಲ್ಲವೆಂಬಂತೆ ಸಮುದ್ರವನ್ನು ನೋಡತೊಡಗಿದರು.